ಅಕ್ಕಯಮ್ಮನ ಎದೆಯೊಳಗಿನ ಎರಡೆಲೆ

ಮಂಚೇನಹಳ್ಳಿಯ ಬಸ್ ನಿಲ್ದಾಣದ ಎದುರು ಕೊಂಡಪ್ಪ ಮತ್ತು ಅವನ ಹೆಂಡತಿ ಅಕ್ಕಯಮ್ಮ ಒಂದು ಮಿಲಿಟರಿ ಹೋಟೆಲ್ ನಡೆಸುತ್ತಿದ್ದರು. ಮುದ್ದೆ, ತಲೆಮಾಂಸದ ಸಾರು, ಬೋಟಿ ಗೊಜ್ಜು. ಅಡುಗೆ ಅಕ್ಕಯಮ್ಮನದು, ಗಲ್ಲಾ ಕೊಂಡಪ್ಪನದು. ಊಟಕ್ಕೆ ಬರುವವರಿಗೆ ಅವಳ ಇನ್ನೊಂದು ಗುಣವೂ ಗೊತ್ತಿತ್ತು: ಅವರವರ ಕಸುಬಿನ ಬಗ್ಗೆ ಏನಾದರೊಂದು ಕೇಳದೆ ಅವಳು ಬಡಿಸುತ್ತಿರಲಿಲ್ಲ. ಲೈನ್‌ಮನ್ ಬಂದರೆ, ತಂತಿಯ ಮೇಲೆ ಕೂತ ಕಾಗೆಗೆ ಯಾಕೆ ಶಾಕ್ ಹೊಡೆಯುವುದಿಲ್ಲ ಎನ್ನುತ್ತಿದ್ದಳು. ಬೋರ್‌ವೆಲ್ ಲಾರಿಯವರು ಬಂದರೆ, ಅಷ್ಟು ಆಳದಿಂದ ಕಲ್ಲಿನ ಪುಡಿ ಮೇಲಕ್ಕೆ ಹೇಗೆ ಬರುತ್ತದೆ ಎನ್ನುತ್ತಿದ್ದಳು. ಉತ್ತರ ಸಿಕ್ಕಿದರೆ ಸಾರಿನಲ್ಲಿ ಒಂದು ತುಂಡು ಹೆಚ್ಚು ಬೀಳುತ್ತಿತ್ತು.

ಐವತ್ತು ದಾಟಿದ ಮೇಲೆ ಅವಳಿಗೆ ನೀರಿನ ಕೊಡ ಎತ್ತಿದರೂ ಏದುಸಿರು ಬರತೊಡಗಿತು. ವಯಸ್ಸಾಯಿತು ಎಂದುಕೊಂಡಳು. ೨೦೦೪ರ ಬೇಸಿಗೆಯಲ್ಲಿ ಒಂದು ದಿನ ಮುದ್ದೆಕೋಲು ತಿರುವುತ್ತಿದ್ದವಳು ಕಣ್ಣು ಕತ್ತಲೆ ಬಂದು ಒಲೆಯ ಪಕ್ಕಕ್ಕೇ ಕುಸಿದಳು. ಕೊಂಡಪ್ಪ ಆಟೋದಲ್ಲಿ ಗೌರಿಬಿದನೂರಿಗೆ ಕರೆದೊಯ್ದ.

ಅಲ್ಲಿನ ಡಾಕ್ಟರ್ ಮೋಹನ್‌ಬಾಬು ಸ್ಟೆತಾಸ್ಕೋಪನ್ನು ಎದೆಯ ಮೇಲೆ ಬಹಳ ಹೊತ್ತು ಇಟ್ಟರು. ಆಮೇಲೆ ಕತ್ತಿನ ಪಕ್ಕಕ್ಕೆ ಒತ್ತಿದರು.

“ಎದೆ ನೋಡೋರು ಕತ್ತು ಯಾಕೆ ನೋಡ್ತಿದೀರ ಸಾರ್?” ಎಂದಳು ಅಕ್ಕಯಮ್ಮ.

“ಶಬ್ದ ಅಲ್ಲಿವರೆಗೂ ಬರ್ತಾ ಇದೆಯಮ್ಮ.”

“ಯಾವ ಶಬ್ದ? ನಂಗೂ ಒಸಿ ಕೇಳಿಸಿ.”

ಡಾಕ್ಟರು ನಕ್ಕು ಸ್ಟೆತಾಸ್ಕೋಪನ್ನು ಅವಳ ಕಿವಿಗೆ ಸಿಕ್ಕಿಸಿದರು. ಪ್ರತಿ ಬಡಿತದಲ್ಲೂ ಯಾರೋ ಮರಕ್ಕೆ ಗರಗಸ ಎಳೆಯುತ್ತಿರುವಂತೆ ಕೇಳಿಸಿತು. ಅಕ್ಕಯಮ್ಮನಿಗೆ ಭಯಕ್ಕಿಂತ ಹೆಚ್ಚಾಗಿ ಸೋಜಿಗವಾಯಿತು. ಇಷ್ಟು ದೊಡ್ಡ ಗದ್ದಲ ತನ್ನೊಳಗೇ ನಡೆಯುತ್ತಿದ್ದರೂ ತನಗೆ ಗೊತ್ತೇ ಆಗಿರಲಿಲ್ಲವಲ್ಲ!

ಡಾಕ್ಟರು ಬೆಂಗಳೂರಿನ ಹೃದಯದ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಶಿರೀಷಾ ಎಂಬ ಡಾಕ್ಟರು ಎದೆಗೆ ತಣ್ಣನೆಯ ಅಂಟು ಹಚ್ಚಿ, ಬಡಿಯುವ ಗುಂಡಿಗೆಯನ್ನು ತೆರೆಯ ಮೇಲೆ ತೋರಿಸುವ ಎಕೋ ಪರೀಕ್ಷೆ ಮಾಡಿದರು. ಚಿಂತಾಮಣಿ ಕಡೆಯವರಾದ್ದರಿಂದ ಅವರ ಮಾತು ಅಕ್ಕಯಮ್ಮನಿಗೆ ಮನೆಯವರ ಮಾತಿನ ಹಾಗೇ ಇತ್ತು.

“ಇಲ್ಲಿ ನೋಡಮ್ಮ. ಗುಂಡಿಗೆಯಿಂದ ಮೈಗೆಲ್ಲ ರಕ್ತ ಹೊರಡೋ ದೊಡ್ಡ ಕೊಳವೆ ಇದು, ಮಹಾಪಧಮನಿ ಅಂತೀವಿ. ಅದರ ಬಾಯಲ್ಲಿ ಒಂದು ವಾಲ್ವು. ರಕ್ತ ಹೊರಗೆ ಬಿಡುತ್ತೆ, ವಾಪಸ್ ಬಿಡಲ್ಲ. ಎಲ್ರಿಗೂ ಅದಕ್ಕೆ ಮೂರು ಎಲೆ ಇರುತ್ತೆ. ನಿಮಗೆ ಎರಡು ಹುಟ್ಟುತ್ತಲೇ ಕೂಡಿಕೊಂಡು, ಲೆಕ್ಕಕ್ಕೆ ಎರಡೇ ಎಲೆ ಆಗಿದೆ. ಇಷ್ಟು ವರ್ಷ ದುಡಿದು ಗಟ್ಟಿಯಾಗಿ, ಸುಣ್ಣ ಕಟ್ಟಿಬಿಟ್ಟಿದೆ. ಬಾಯಿ ಪೂರ್ತಿ ತೆಗೆಯಲ್ಲ.”

ಸುಣ್ಣ ಎಂದದ್ದೇ ತಡ, ಕೊಂಡಪ್ಪ ಹೆಂಡತಿಯ ಕಡೆ ತಿರುಗಿದ. “ಎಲೆಅಡಿಕೆ ಕಮ್ಮಿ ಮಾಡೇ ಅಂದ್ರೆ ಕೇಳಿದ್ಯಾ? ತಿಂದ ಸುಣ್ಣ ಎಲ್ಲಾ ಹೋಗಿ ಅಲ್ಲಿ ಕೂತೈತೆ!”

“ಆ ಸುಣ್ಣ ಅಲ್ಲಪ್ಪ,” ಎಂದರು ಡಾಕ್ಟರು ನಗು ತಡೆಯಲಾಗದೆ. “ಮೂಳೇಲಿರುತ್ತಲ್ಲ ಕ್ಯಾಲ್ಸಿಯಂ, ಅದು. ಎಲೆಅಡಿಕೆ ಬಿಡಬೇಕು, ಅದು ಬೇರೆ ಮಾತು. ಆದ್ರೆ ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.”

ಮಾತ್ರೆಯಿಂದ ವಾಲ್ವು ಸರಿಹೋಗುವುದಿಲ್ಲ, ಬದಲಾಯಿಸಲೇಬೇಕು, ಅಲ್ಲಿಯವರೆಗೆ ಭಾರ ಎತ್ತಬಾರದು ಎಂದು ಹೇಳಿ ಆಪರೇಷನ್ನಿಗೆ ದಿನ ಕೊಟ್ಟು ಕಳಿಸಿದರು.

ಊರಿಗೆ ಬಂದ ಅಕ್ಕಯಮ್ಮನಿಗೆ ಒಂದೇ ಯೋಚನೆ. ವರ್ಷಗಟ್ಟಲೆ ಕುರಿಯ ಗುಂಡಿಗೆ ಬೇಯಿಸಿದ್ದಾಳೆ, ಈ ಮೂರೆಲೆಯನ್ನು ಒಮ್ಮೆಯಾದರೂ ಯಾಕೆ ನೋಡಲಿಲ್ಲ? ಮಟನ್ ಅಂಗಡಿಯ ಬಾಬಾಜಾನನನ್ನು ಕೇಳಿದಳು.

“ಆ ಕೊಳವೆ ನಾವು ಕತ್ತರಿಸಿ ಬಿಸಾಕ್ತೀವಲ್ಲಕ್ಕಾ. ಅದು ಬೇಯಲ್ಲ, ಅಗಿಯಕ್ಕೂ ಆಗಲ್ಲ.”

“ನಾಳೆ ಒಂದು ಗುಂಡಿಗೆ ಕೊಳವೆ ಸಮೇತ ಕಳಿಸಪ್ಪ. ತಿನ್ನಕ್ಕಲ್ಲ, ನೋಡಕ್ಕೆ.”

ಮರುದಿನ ಅವಳು ಹಿತ್ತಲಿನಲ್ಲಿ ಕೂತು ಆ ಕೊಳವೆಯನ್ನು ಬೆರಳಲ್ಲಿ ಎತ್ತಿ ಹಿಡಿದು ಮೇಲಿನಿಂದ ಚೊಂಬಿನ ನೀರು ಹೊಯ್ದಳು. ನೀರು ಕೆಳಗಿಳಿಯದೆ ನಿಂತಿತು. ಬಗ್ಗಿ ನೋಡಿದರೆ ಮೂರು ಪುಟ್ಟ ಜೇಬುಗಳು ನೀರು ತುಂಬಿ ಉಬ್ಬಿ ನಡುವೆ ಒಂದಕ್ಕೊಂದು ಒತ್ತಿ ಕೂತಿದ್ದವು. ಈರುಳ್ಳಿಯ ಒಳಪೊರೆಯಷ್ಟು ತೆಳು. ಇಷ್ಟು ತೆಳ್ಳಗಿನದು ಕುರಿಯ ಆಯುಸ್ಸೆಲ್ಲ ಹರಿಯದೆ ಹೇಗೆ ಬಡಿದುಕೊಂಡಿತು ಎಂದು ಬೆರಗಾದಳು.

ಆದರೆ ನೀರು ಮೆಲ್ಲಗೆ ಇಳಿಯುತ್ತಿತ್ತು. ಎಲೆಗಳ ನಡುವೆ ಸೋರಿಕೆ ಕಾಣಲಿಲ್ಲ. ಹಾಗಾದರೆ ಎಲ್ಲಿಗೆ ಹೋಗುತ್ತಿದೆ? ಕೊಳವೆಯನ್ನು ಉದ್ದಕ್ಕೆ ಸ್ವಲ್ಪ ಸೀಳಿದಾಗ ಜೇಬುಗಳ ಹಿಂದಿನ ಗೋಡೆಯಲ್ಲಿ ಎರಡು ತೂತು ಸಿಕ್ಕವು. ಪೊರಕೆಕಡ್ಡಿ ತೂರಿಸಿದಳು. ಕಡ್ಡಿ ಗುಂಡಿಗೆಯ ಮೈಮೇಲಿನ ನಾಳದೊಳಕ್ಕೇ ಹೋಯಿತು. ಊರಿಗೆಲ್ಲ ರಕ್ತ ಕಳಿಸುವ ಗುಂಡಿಗೆ ಮೊದಲ ತುತ್ತನ್ನು ಬಾಗಿಲಲ್ಲೇ ತನಗೆಂದು ತೆಗೆದುಕೊಳ್ಳುತ್ತದೆ ಎಂದು ಅವಳಿಗೆ ಹೊಳೆಯಿತು.

ಆಮೇಲೆ ಸೂಜಿದಾರ ತಂದಳು. ಎರಡು ಎಲೆಗಳ ಅಂಚು ಸೇರಿಸಿ ನಾಲ್ಕು ಹೊಲಿಗೆ ಹಾಕಿದಳು. ಹೊಲಿಯುವ ಮೊದಲು ಕೆಳಗಿನಿಂದ ಸರಾಗವಾಗಿ ತೂರುತ್ತಿದ್ದ ಬೆರಳನ್ನು ಈಗ ಒತ್ತಿ ನುಗ್ಗಿಸಬೇಕಾಯಿತು.

“ಗುಂಡಿಗೆ ಹೊಲೀತಾ ಕೂತಿದೀಯಲ್ಲೇ, ಅಲ್ಲಿ ಗಿರಾಕಿಗಳು ಕಾಯ್ತಾವ್ರೆ!” ಎಂದು ಬಂದ ಕೊಂಡಪ್ಪ ಅದನ್ನು ನೋಡುತ್ತ ನಿಂತುಬಿಟ್ಟ. ಅವಳು ಅವನ ಬೆರಳನ್ನೂ ಹಿಡಿದು ಆ ಸಂದಿಯೊಳಗೆ ತೂರಿಸಿದಳು.

“ಇಂಥಾದ್ರಲ್ಲಿ ಇಷ್ಟು ವರ್ಷ ಮುದ್ದೆ ತಿರುವಿದ್ಯಾ?” ಎಂದ. ಆವತ್ತಿನಿಂದ ಮುದ್ದೆಕೋಲು ಅವನ ಕೈಗೆ ಹೋಯಿತು. ಮುದ್ದೆ ಗಂಟುಗಂಟಾದರೂ ಗಿರಾಕಿಗಳು ಯಾರೂ ಗೊಣಗಲಿಲ್ಲ.

ಮಳೆಗಾಲದಲ್ಲಿ ಆಪರೇಷನ್ ಆಯಿತು. ಕೆಟ್ಟ ವಾಲ್ವನ್ನು ತೆಗೆದು ಕಾರ್ಬನ್ನಿನಿಂದ ಮಾಡಿದ್ದನ್ನು ಕೂರಿಸಿದರು. ಎಚ್ಚರವಾಗಿ ಮಾತು ಬಂದ ಕೂಡಲೇ ಅಕ್ಕಯಮ್ಮ ಕೇಳಿದ್ದು ಹಳೆಯದೆಲ್ಲಿ ಎಂದು. ಶಿರೀಷಾ ಒಂದು ಚಿಕ್ಕ ಸೀಸೆಯಲ್ಲಿ ತಂದು ತೋರಿಸಿದರು. ಕಡಲೆಕಾಯಿ ಸಿಪ್ಪೆಯ ಚೂರಿನಂತೆ ಒರಟಾಗಿ, ಮಾಸಲು ಹಳದಿಯಾಗಿತ್ತು.

ಹೊಸ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟದಂತೆ ಅವಳು ಬದುಕಿರುವಷ್ಟು ಕಾಲ ಮಾತ್ರೆ ನುಂಗಬೇಕಿತ್ತು, ಆಗಾಗ ರಕ್ತ ಪರೀಕ್ಷೆಯೂ ಆಗಬೇಕಿತ್ತು. ಸೊಪ್ಪು ಆ ಮಾತ್ರೆಯ ಬಲ ತಗ್ಗಿಸುತ್ತದೆ, ತಿನ್ನಬಹುದು, ಆದರೆ ಒಂದು ವಾರ ಬುಟ್ಟಿಗಟ್ಟಲೆ, ಒಂದು ವಾರ ಏನೂ ಇಲ್ಲ ಅನ್ನುವ ಹಾಗಾಗಬಾರದು ಎಂದರು. ಹೊರಡುವಾಗ ಶಿರೀಷಾ ಇನ್ನೊಂದು ಮಾತು ಹೇಳಿದರು. “ಇದು ಕೆಲವು ಸಲ ವಂಶದಲ್ಲಿ ಬರುತ್ತಮ್ಮ. ಒಡಹುಟ್ಟಿದವರು, ಮಕ್ಕಳು ಒಂದ್ಸಲ ಎಕೋ ಮಾಡಿಸ್ಲಿ.”

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚಾಣಿಕೆ ಮಾಡುತ್ತಿದ್ದ ತಮ್ಮ ಬಯ್ಯಪ್ಪ ಬೈದುಕೊಂಡೇ ಹೋಗಿ ಮಾಡಿಸಿದ. ಮೂರೆಲೆ! ಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಎದೆ ತಟ್ಟಿ ಹೇಳಿಕೊಂಡ. ಆಮೇಲೆ ಚಿಂತಾಮಣಿಗೆ ಮದುವೆಯಾಗಿ ಹೋಗಿದ್ದ ಒಬ್ಬಳೇ ಮಗಳು ಕಲ್ಯಾಣಿಯ ಸರದಿ; ಅಕ್ಕಯಮ್ಮನೂ ಜೊತೆಗೆ ಹೋದಳು. ತೆರೆಯ ಮೇಲೆ ಎರಡೇ ಎಲೆ ಕಂಡವು.

ತನ್ನ ಎದೆ ಸೀಳಿಸಿಕೊಳ್ಳುವಾಗಲೂ ಕೇಳುತ್ತಲೇ ಇದ್ದ ಅಕ್ಕಯಮ್ಮ ಈಗ ಎದ್ದು ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು. ಪ್ರಶ್ನೆಗಳನ್ನೆಲ್ಲ ಕಲ್ಯಾಣಿಯೇ ಕೇಳಿದಳು. ಎಲೆಗಳು ಮೆತ್ತಗಿವೆ, ಚೆನ್ನಾಗಿ ತೆರೆಯುತ್ತಿವೆ, ಕೊಳವೆ ಹಿಗ್ಗಿಲ್ಲ, ವರ್ಷ ಎರಡು ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು, ಮಕ್ಕಳಾಗಲು ಸದ್ಯಕ್ಕೆ ಇದರಿಂದ ಅಡ್ಡಿಯಿಲ್ಲ ಎಂದು ತಿಳಿದುಕೊಂಡು ಹೊರಬಂದಳು.

“ನನ್ನಿಂದ ಬಂತು ಕಣೇ,” ಎಂದಳು ತಾಯಿ.

“ನಿನ್ನ ಮೊಂಡು ಮೂಗೂ ಬಂದೈತೆ. ಅದಕ್ಕೆ ಯಾವತ್ತಾದ್ರೂ ಅತ್ತಿದೀಯಾ?” ಎಂದು ಕಲ್ಯಾಣಿ ಪಕ್ಕದಲ್ಲಿ ಕೂತಳು. “ಅಮ್ಮ, ನಿಂಗೆ ಯಾರಿಂದ ಬಂತು?”

ಅಕ್ಕಯಮ್ಮ ಮಗಳ ಮುಖ ನೋಡಿದಳು. ಇದನ್ನು ಅವಳು ಯೋಚಿಸಿಯೇ ಇರಲಿಲ್ಲ. ಅವಳ ಅಪ್ಪ ಚೆನ್ನರಾಯಪ್ಪ ನಗರಗೆರೆಯ ಹೊಲದಲ್ಲಿ ಉಳುತ್ತಿದ್ದವನು ಇದ್ದಕ್ಕಿದ್ದಂತೆ ಬಿದ್ದು ತೀರಿಹೋಗಿದ್ದ. ಗಾಳಿ ಸೋಕಿತು ಎಂದು ಊರವರು ಹೇಳಿದ್ದರು.

ಮುಂದಿನ ಭಾನುವಾರ ತಾಯಿಮಗಳು ನಗರಗೆರೆಗೆ ಹೋದರು. ಅಲ್ಲಿ ಚೆನ್ನರಾಯಪ್ಪನ ತಂಗಿ ಪೆದ್ದಮ್ಮ ಇನ್ನೂ ಇದ್ದಳು. ಕಣ್ಣು ಮಂಜಾಗಿದ್ದರೂ ನೆನಪು ಮಾಸಿರಲಿಲ್ಲ.

“ನಿಮ್ಮಪ್ಪನಾ? ಕೆರೆ ಏರಿ ಹತ್ತೋವಾಗ ಎರಡು ಸಲ ನಿಂತ್ಕೊಳ್ತಿದ್ದ. ಯಾಕಣ್ಣ ಅಂದ್ರೆ, ನೀರೆಷ್ಟೈತೆ ನೋಡ್ತೀನಿ ಅಂತಿದ್ದ. ನೀರಿಲ್ಲದ ವರ್ಷವೂ ಹಂಗೇ ನಿಂತ್ಕೊಳ್ತಿದ್ದ ಕಣಮ್ಮ.”

ಅದು ಎರಡೆಲೆಯೋ ಬೇರೇನೋ, ಯಾರೂ ಹೇಳುವಂತಿರಲಿಲ್ಲ. ಆದರೂ ಅಕ್ಕಯಮ್ಮ ಅತ್ತೆಯ ಪಕ್ಕದಲ್ಲಿ ಚಾಪೆ ಎಳೆದುಕೊಂಡು ಕೂತು ಅಪ್ಪನ ಬಗ್ಗೆ ಒಂದೊಂದಾಗಿ ಕೇಳತೊಡಗಿದಳು: ಉಸಿರು ಕಟ್ಟುತ್ತಿತ್ತಾ, ಎದೆ ಹಿಡಿದುಕೊಳ್ಳುತ್ತಿದ್ದನಾ, ಮಲಗುವಾಗ ಉಸಿರಾಡಲು ಎತ್ತರಕ್ಕೆ ದಿಂಬು ಎಷ್ಟು ಇಟ್ಟುಕೊಳ್ಳುತ್ತಿದ್ದ? ಕಲ್ಯಾಣಿ ಒಳಗೆ ಹೋಗಿ ಎಲ್ಲರಿಗೂ ಕಾಫಿಗೆ ಇಟ್ಟಳು.