ಕೊಕ್ಕೆ ಹಿಡಿದಿರುವ ಇನ್ನೊಂದು ತುದಿ

ಹೊರಗೆ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಒಬ್ಬರು ಬೆಡ್‌ಶೀಟಿನ ಒಂದು ತುದಿಯನ್ನು ಗೋಡೆಯ ಕೊಕ್ಕೆಗಳಿಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ಹಿಂದಕ್ಕೆ ನಡೆಯುತ್ತಾರೆ. ಬಟ್ಟೆ ಬಿಗಿಯಾಗುತ್ತದೆ. ಹಳೇ ಹಿಂದಿ ಸಿನಿಮಾದ ಯುಗಳಗೀತೆಯೊಂದರ ಎರಡು ಸಾಲು ಹಾಡುತ್ತಾರೆ. ಆಮೇಲೆ ತುಟಿಯಲ್ಲೇ ಕೊಳಲಿನ ಪುಟ್ಟ ತುಣುಕು ಗುನುಗಿ, ಕೈಯೆತ್ತಿಕೊಂಡೇ ಸುಮ್ಮನೆ ನಿಲ್ಲುತ್ತಾರೆ. ಹೆಣ್ಣು ದನಿಯ ಸಾಲುಗಳು ಮುಗಿಯುವಷ್ಟು ಹೊತ್ತು ಬಿಟ್ಟು, ಕೊಕ್ಕೆಯತ್ತ ನಡೆದು ಮಡಿಕೆ ಹಾಕಿ, ತಮ್ಮ ಮುಂದಿನ ಸಾಲು ಎತ್ತಿಕೊಳ್ಳುತ್ತಾರೆ.

ಬೆಳಗಿನ ಜಾವ ಏಳುವುದೆಂದರೆ ನನಗೆ ಪ್ರಾಣಸಂಕಟ. ನನ್ನ ಅಚ್ಚುಮೆಚ್ಚಿನ ಸಂಗೀತ ನಿರ್ದೇಶಕರ ಹಾಡುಗಳಲ್ಲಿ ಇಷ್ಟವಾದವನ್ನು ಆರಿಸಿ, ಮನೆಯಲ್ಲೇ ಕೂತು ಪತ್ರಿಕೆಗೆ ಒಂದು ಪುಟ ಬರೆದು ಕೈತೊಳೆದುಕೊಳ್ಳೋಣ ಎಂದಿದ್ದೆ. ಈ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ನಾದಿನಿ ಬಿಡಬೇಕಲ್ಲ! "ಭಾವ, ನಿಮ್ಮ ಇಷ್ಟ ಯಾರಿಗೆ ಬೇಕು? ಕೆಳಗಡೆ ನಮ್ಮ ರೇಡಿಯೊ ಮಾಮನ ಹತ್ರ ಹೋಗಿ ಒಂದ್ಸಲ ಕೇಳಿ" ಎಂದಳು. ಗೊಣಗಿಕೊಂಡೇ ಬಂದೆ.

ರೇಡಿಯೊ ಮಾಮನಿಗೆ ಅರವತ್ತರ ಹತ್ತಿರ. ಲಾಂಡ್ರಿಯ ಕಪಾಟಿನ ಮೇಲೆ ಹಿಂದೆ ಒಂದು ರೇಡಿಯೊ ಇತ್ತಂತೆ. ಅದು ಕೆಟ್ಟುಹೋದ ಮೇಲೆ ಹಾಡುವ ಕೆಲಸವನ್ನು ಇವರೂ ಇವರ ಹೆಂಡತಿಯೂ ವಹಿಸಿಕೊಂಡರು. ಇಬ್ಬರೂ ಇಲ್ಲೇ, ಎದುರುಬದುರು ನಿಂತು ಶೀಟ್ ಮಡಿಸುತ್ತಿದ್ದವರು. ಆ ಸಂಗೀತ ನಿರ್ದೇಶಕರನ್ನು ಇವರು "ನಮ್ಮ ಮೇಷ್ಟ್ರು" ಎನ್ನುತ್ತಾರೆ, ಪಕ್ಕದ ಬೀದಿಯಲ್ಲೇ ಮನೆ ಇದ್ದವರ ಹಾಗೆ.

"ಹಿಂದಿ ನನಗೆ ಅಷ್ಟಕ್ಕಷ್ಟೇ. ಆದ್ರೆ ಮೇಷ್ಟ್ರ ಹಾಡು ಕೈಗೆ ಅರ್ಥ ಆಗುತ್ತೆ. ದಿಂಬಿನ ಕವರಿಗೆ ಕುಣಿಯೋ ಹಾಡು. ಕಂಬಳಿಗೆ ನಿಧಾನದ್ದು. ಬೆಡ್‌ಶೀಟಿಗೆ ಮಾತ್ರ ಇದೇ, ಇಬ್ಬರು ಹಾಡೋದು. ಗಂಡು ಹಾಡಿ, ಕೊಳಲು ಮುಗಿಯೋವರೆಗೆ ಅಂಚು ಸರಿಮಾಡ್ಕೊಂಡು, ಹೆಣ್ಣಿನ ಸಾಲಿಗೆ ತುದಿಗೆ ತುದಿ ಸೇರ್ಬೇಕು" ಎನ್ನುತ್ತಾರೆ.

ಹೆಂಡತಿ ಎಂದೂ ಆ ಕೊಳಲು ಮುಗಿಯುವವರೆಗೆ ಕಾದವರಲ್ಲ. ಸದಾ ತುದಿಗಾಲಲ್ಲಿ ನಿಂತಿರುವ ಹೆಂಗಸು. ಇವರು ಕೊಳಲು ಗುನುಗುತ್ತಿರುವಾಗಲೇ ತಮ್ಮ ಸಾಲು ಶುರುಮಾಡಿ, ಹಾಡುತ್ತಲೇ ಮುಂದೆ ಬಂದುಬಿಡುತ್ತಿದ್ದರು. ಅಂಚು ಸೇರುತ್ತಿರಲಿಲ್ಲ. ಮಡಿಕೆ ಓರೆ.

"ಎಷ್ಟು ಬೈದಿದ್ದೀನಿ ಅಂತೀರಿ! ಜಪ್ಪಯ್ಯ ಅಂದ್ರೂ ಬದಲಾಗ್ಲಿಲ್ಲ. 'ರೀ, ನಿಮ್ಮ ಕೊಳಲು ಮುಗಿಯೋಷ್ಟರಲ್ಲಿ ರೋಗಿ ಗುಣ ಆಗಿ ಮನೆಗೆ ಹೋಗ್ತಾನೆ' ಅನ್ನೋಳು." ನಗುತ್ತಾರೆ. ನಗು ಬೇಗ ನಿಲ್ಲುತ್ತದೆ.

ಎರಡು ವರ್ಷದ ಹಿಂದೆ ಆಕೆ ತೀರಿಕೊಂಡದ್ದು ಇದೇ ಆಸ್ಪತ್ರೆಯ ಮೇಲಿನ ವಾರ್ಡಿನಲ್ಲಿ. ಕೊನೆಯ ದಿನಗಳಲ್ಲಿ ಮಾತು ಕಡಿಮೆಯಾಗಿತ್ತು. ಒಂದು ಬೆಳಿಗ್ಗೆ ಹಾಸಿಗೆಯ ಶೀಟಿನ ಮೇಲೆ ಬೆರಳಾಡಿಸಿದರು. ಮಡಿಕೆಯ ಗೆರೆ ಒಂದು ಕಡೆಗೆ ವಾಲಿತ್ತು. "'ನೋಡ್ರೀ, ಇದು ನಂದೇ ಕೆಲಸ' ಅಂದ್ಲು. ನಾನು ಬೈಲಿಲ್ಲ" ಎನ್ನುತ್ತಾರೆ ಮಾಮ.

ಅಂದಿನಿಂದ ಕೊಕ್ಕೆಯೇ ಜೊತೆಗಾರ. ಮಡಿಸಿಟ್ಟ ರಾಶಿಯನ್ನು ತೋರಿಸುತ್ತಾರೆ. ಒಂದೊಂದೂ ಅಳತೆ ಹಿಡಿದು ಕತ್ತರಿಸಿದಷ್ಟು ನೆಟ್ಟಗಿದೆ. ನಾನು ಹೊಗಳಿದೆ. ಅವರ ಮುಖ ಬಾಡಿತು. "ಹೂಂ, ಈಗ ನೆಟ್ಟಗೇ ಬರುತ್ತೆ. ಅದೇ ನೋಡಿ ಬೇಜಾರು."

ಮನೆಯಲ್ಲೂ ಹಾಡುತ್ತೀರಾ ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ. ಮಕ್ಕಳಿಲ್ಲ. ಒಂದೇ ಕೋಣೆ. "ಮನೇಲಿ ಯಾಕೆ ಹಾಡ್ಲಿ? ಅವಳ ಸಾಲು ಬರೋ ಹೊತ್ತಿಗೆ ಅಲ್ಲಿ ನಲ್ಲಿ ತೊಟ್ಟಿಕ್ಕೋದು ಕೇಳುತ್ತೆ. ಇಲ್ಲಾದ್ರೆ ಮಿಷನ್ ಸದ್ದಿರುತ್ತೆ, ಪರವಾಗಿಲ್ಲ" ಎನ್ನುತ್ತಾರೆ.

ಈಗ ಅದಕ್ಕೂ ಕುತ್ತು ಬಂದಿದೆ. ಒಬ್ಬರೇ ಎಳೆದೂ ಎಳೆದೂ ಭುಜ ಹಿಡಿದುಕೊಂಡಿದೆ. ಅರ್ಧದಷ್ಟು ಶೀಟೂ ಹೊತ್ತಿಗೆ ಸರಿಯಾಗಿ ಮುಗಿಯುವುದಿಲ್ಲ. ಸೂಪರ್‌ವೈಸರಮ್ಮ ಸೊಂಟದ ಮೇಲೆ ಕೈಯಿಟ್ಟು ನನಗೇ ದೂರು ಹೇಳುತ್ತಾರೆ: "ವಾರ್ಡಿಗೆ ಶೀಟ್ ಹೋಗ್ಲಿಲ್ಲ ಅಂದ್ರೆ ನನ್ನ ಗ್ರಹಚಾರ ಬಿಡಿಸ್ತಾರೆ ಸಾರ್. ಹೋದ ತಿಂಗಳು ಒಬ್ಬಳನ್ನ ಜೊತೆಗೆ ಕೊಟ್ಟೆ, ಬೇಡ ಅಂದ್ರು. ಇವತ್ತು ಇನ್ನೊಬ್ಬಳು ಬರ್ತಾಳೆ. ಹೊಂದ್ಕೊಂಡ್ರೆ ಸರಿ, ಇಲ್ಲಾಂದ್ರೆ ಕೊಳೆ ಬಟ್ಟೆ ವಿಂಗಡಿಸೋ ಕಡೆ ಹಾಕ್ತೀನಿ. ನನಗೇನು ಇವರ ಮೇಲೆ ಹಗೆನಾ?"

ವಿಂಗಡಿಸುವ ಕಡೆ ಮಡಿಸುವುದಿಲ್ಲ, ಈ ಹಾಡಿಗೂ ಕೆಲಸವಿಲ್ಲ.

ಮೊದಲಿನವಳನ್ನು ಯಾಕೆ ಬೇಡ ಎಂದಿರಿ? ಮಾಮ ಕೊಕ್ಕೆಯಿಂದ ಶೀಟ್ ಬಿಡಿಸುತ್ತಾ ತಲೆ ತಗ್ಗಿಸುತ್ತಾರೆ. "ಪಾಪ, ಅವಳಿಗೆ ಹಾಡು ಬರ್ತಿತ್ತು. ನನ್ನವಳ ಸಾಲನ್ನ ಹಾಡಿದ್ಲು. ಸರಿಯಾಗಿ, ಕೊಳಲು ಮುಗಿದ ಮೇಲೇ. ನನ್ನವಳಿಗಿಂತ ಚೆನ್ನಾಗಿ. ನನ್ ಕೈಲಿ ತಡ್ಕೊಳ್ಳೋಕಾಗ್ಲಿಲ್ಲ."

ಅಷ್ಟರಲ್ಲಿ ಹೊಸಬಳು ಬರುತ್ತಾಳೆ. ಇಷ್ಟು ದಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನಡುವಯಸ್ಸಿನ ಹೆಂಗಸು. "ಎಲ್ಲಿ ಹಿಡೀಬೇಕು, ಹೇಳಿ ಮಾಮ" ಎಂದು ಸೆರಗು ಸಿಕ್ಕಿಸಿ ನಿಲ್ಲುತ್ತಾಳೆ. ಮಾಮ ಕೊಕ್ಕೆಯನ್ನೊಮ್ಮೆ ನೋಡಿ, ಆ ತುದಿಯನ್ನು ಅವಳ ಕೈಗಿಡುತ್ತಾರೆ. ಹಿಂದಕ್ಕೆ ನಡೆಯುತ್ತಾರೆ. ಎರಡು ಸಾಲು ಹಾಡುತ್ತಾರೆ.

ಅವಳಿಗೆ ಹಾಡೂ ಗೊತ್ತಿಲ್ಲ, ಕೊಳಲೂ ಗೊತ್ತಿಲ್ಲ. ಇವರಿನ್ನೂ ಗುನುಗುತ್ತಿರುವಾಗಲೇ, ಇದ್ಯಾಕೆ ನಿಂತರಪ್ಪ ಎಂಬಂತೆ ನೋಡಿ, ದಡದಡ ಮುಂದೆ ಬಂದು ತನ್ನ ತುದಿಯನ್ನು ಇವರ ಕೈಗೆ ತುರುಕುತ್ತಾಳೆ. ಅಂಚು ಸೇರುವುದಿಲ್ಲ.

"ಅಯ್ಯೋ, ಓರೆ ಆಯ್ತಲ್ಲ! ಬಿಚ್ಚಿ ಮತ್ತೆ ಹಾಕೋಣ್ವಾ ಮಾಮ?"

ಮಾಮ ವಾಲಿದ ಗೆರೆಯ ಮೇಲೆ ಬೆರಳಾಡಿಸುತ್ತಾ ನಿಲ್ಲುತ್ತಾರೆ. ಅವಳು ಗಾಬರಿಯಾಗಿ ನನ್ನ ಮುಖ ನೋಡುತ್ತಾಳೆ.

"ಬಿಚ್ಚಬೇಡ ತಾಯಿ," ಎನ್ನುತ್ತಾರೆ ಕೊನೆಗೆ. "ಮೇಲಿನ ವಾರ್ಡಿಗೆ ಇಂಥದ್ದೊಂದು ಹೋಗಿ ಬಹಳ ದಿನ ಆಗಿತ್ತು."