ಹೊಂಗೆ ಎಣ್ಣೆಯಲ್ಲಿ ಓಡಿದ ಎಂಜಿನ್

ಬಂಗಾರಪೇಟೆ ಸೀಮೆಯ ಆ ಊರಿನಲ್ಲಿ ಮದುವೆ ಮನೆಗೆ ಹಿತಕಿದ ಬೇಳೆ ಬೇಕೆಂದರೆ ನರಸಮ್ಮನಿಗೇ ಕರೆ. ಅವರೆಕಾಳನ್ನು ನೆನೆಹಾಕಿ ಪಟಪಟನೆ ಹಿತುಕುತ್ತ ಕೂತಳೆಂದರೆ, ಉಳಿದವರ ಹರಟೆ ಮುಗಿಯುವುದರೊಳಗೆ ಅವಳ ಮೊರ ತುಂಬಿರುತ್ತಿತ್ತು.

ಗಂಡ ಪೆರುಮಾಳ್ ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಸುರಂಗಕ್ಕೆ ಇಳಿದವನು. ಗಣಿ ಮುಚ್ಚಿದ ಮೇಲೆ ಕೂಲಿನಾಲಿ ಮಾಡಿದ. ಮರದ ಬೀಜದ ಎಣ್ಣೆಯಿಂದಲೇ ಎಂಜಿನ್ ಓಡಿಸಬಹುದೆಂದು ಯಾವುದೋ ತರಬೇತಿಯಲ್ಲಿ ಕೇಳಿ ಬಂದವನೇ ಹೊಲದ ಬದುವಿನುದ್ದಕ್ಕೂ ಹೊಂಗೆ ನೆಟ್ಟ. ಊರೇ ನಕ್ಕಿತು. ಹೊಂಗೆ ಇರುವುದು ಸೊಪ್ಪು ಕಡಿದು ಗದ್ದೆಗೆ ಗೊಬ್ಬರವಾಗಿ ತುಳಿಯಲಿಕ್ಕೆ ಎಂದೇ ಎಲ್ಲರ ತಿಳಿವಳಿಕೆ. ಇವನು ಏಳು ವರ್ಷ ಒಂದು ರೆಂಬೆಗೂ ಮಚ್ಚು ತಾಗಗೊಡಲಿಲ್ಲ. ಕೊನೆಗೆ ಮರ ಕಾಯಿ ಕಚ್ಚಿತು. ಅಷ್ಟರಲ್ಲಿ ಎದೆ ಸೇರಿದ್ದ ಗಣಿಯ ಧೂಳು ಅವನನ್ನು ಹಾಸಿಗೆ ಹಿಡಿಸಿತ್ತು.

"ನಮ್ ಒಂಗೆ ಎಣ್ಣೇಲಿ ಮುನಿರಾಜನ ಮಿಲ್ಲು ಓಡೋದ್ ಒಂದ್ಸಲ ಕೇಳ್ಬೇಕು ಕಣೆ," ಅಂದ.

ಮುನಿರಾಜನ ರಾಗಿ ಮಿಲ್ಲು ಅವರ ಹಿತ್ತಿಲಿಗೆ ಅಂಟಿಕೊಂಡೇ ಇತ್ತು. ಕರೆಂಟು ಹೋದಾಗ ಡೀಸೆಲ್ ಎಂಜಿನ್ನಿನಲ್ಲಿ ನಡೆಯುತ್ತಿತ್ತು.

ಕಾಯಿ ಒಣಗಿಸಿ ಕೊಡತಿಯಿಂದ ಬಡಿದು ಬೀಜ ಬಿಡಿಸುವುದೆಂದರೆ ತಿಂಗಳ ಕೆಲಸ. ಗಂಡನಿಗೆ ಅಷ್ಟು ದಿನ ಉಂಟೋ ಇಲ್ಲವೋ. ನರಸಮ್ಮ ತನಗೆ ಗೊತ್ತಿದ್ದ ವಿದ್ಯೆಯನ್ನೇ ಹಿಡಿದಳು. ಆ ವರ್ಷ ಬಂದಿದ್ದ ಎರಡು ಮೂಟೆ ಹೊಂಗೆಕಾಯಿಯನ್ನೂ ಅವರೆಕಾಳಿನ ಹಾಗೆ ನೀರಿಗೆ ಹಾಕಿದಳು. ಸಿಪ್ಪೆ ಮೆತ್ತಗಾಗಿ ಸಲೀಸಾಗಿ ಬಿಟ್ಟಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಗಾದೆ ಹೇಳುವುದು ಸುಲಭ. ಸಾಯುವ ಗಂಡನನ್ನು ಪಕ್ಕದಲ್ಲಿಟ್ಟುಕೊಂಡವಳಿಗೆ ಹೇಳಿ ನೋಡಿ.

ತೇವ ಆರದ ಬೀಜ ಮೂಟೆಯಲ್ಲೇ ಬೂಷ್ಟು ಹಿಡಿಯಿತು. ಗಾಣದಿಂದ ಬಂದ ಎಣ್ಣೆ ಅಂಬಲಿಯಷ್ಟು ಮಂದ. ಅದನ್ನು ಹುಯ್ದ ಎಂಜಿನ್ ನಾಲ್ಕು ಸಲ ಗುಟುರು ಹಾಕಿ ನಿಂತಿತು.

"ಬೀಜ ಕೆಟ್ಟೋಗೈತೆ ಕಣಕ್ಕಾ. ಇನ್ನು ಬರೋ ವರ್ಷದ ಕಾಯೇ," ಅಂದ ಮುನಿರಾಜ.

ನರಸಮ್ಮ ಅವನ ಕೈ ಹಿಡಿದುಕೊಂಡಳು. "ಡೀಸೆಲ್ ಆಕಿ ಓಡ್ಸಪ್ಪಾ. ಅವ್ರಿಗೆ ಏಳ್ಬೇಡ."

ಅವನು ಎಂಜಿನ್ ತೊಳೆದು ಡೀಸೆಲ್ ಹಾಕಿದ. ಗೋಡೆಯಾಚೆ ಗುಡುಗುಡು ಸದ್ದು ಎದ್ದಿತು. ಪೆರುಮಾಳ್ ಕಣ್ಣು ಮುಚ್ಚಿ ಕೇಳುತ್ತ ಮಲಗಿದ್ದ. ಕಿಟಕಿಯಿಂದ ಡೀಸೆಲ್ ಹೊಗೆ ಒಳಗೆ ಬಂದಾಗ ಅವನ ಮೂಗು ಅರಳಿತು. ನರಸಮ್ಮ ಓಡಿ ಕಿಟಕಿ ಮುಚ್ಚಿದಳು.

"ಓಡ್ತು ಬಿಡು," ಅಂದ ಅವನು. ಅವಳ ಕೈ ತಡವಿದ. "ಬೂಷ್ಟು ವಾಸ್ನೆ ನಂಗೆ ಮೊದ್ಲೇ ಬಂದಿತ್ತು. ಬರೋ ವರ್ಷ ನೆನೆ ಆಕ್ಬೇಡ ನರಸೀ. ಬಿಸ್ಲಲ್ಲಿ ಒಣಗ್ಸು."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಂಬತ್ತನೆಯ ದಿನ ಅವನು ಹೋದ.

ಮುಂದಿನ ವರ್ಷ ನರಸಮ್ಮ ತಿಂಗಳಿಡೀ ಕೂತು ಒಣಗಿದ ಕಾಯಿ ಬಡಿದಳು. ಎಣ್ಣೆ ತಿಳಿಯಾಗಿ ಬಂತು. ಮುನಿರಾಜನ ಎಂಜಿನ್ ಒಂದು ಸಲವೂ ನಿಲ್ಲದೆ ಊರಿನ ರಾಗಿಯನ್ನೆಲ್ಲ ಬೀಸಿತು. ಅವಳು ಮಾತ್ರ ಮಿಲ್ಲಿಗೆ ಹೋಗಲಿಲ್ಲ. ಗಂಡ ಮಲಗುತ್ತಿದ್ದ ಜಾಗದ ಪಕ್ಕ ಕೂತಳು.

"ಈ ಸಲ ನಿಜವಾಗ್ಲೂ ನಮ್ದೇ ಎಣ್ಣೆ. ಕೇಳಿಸ್ತಾ?" ಅಂದಳು. ಆಮೇಲೆ ಬಾಯಿ ಬಿಟ್ಟು ಅತ್ತಳು.