ನನ್ನ ಸೌತೆಕಾಯಿಯ ದರೋಡೆ

ಬಳಗದವರೇ, ಇವತ್ತು ಸಿವಿಲ್ ಲೈನ್ಸಿನ ನಮ್ಮ ಕಚೇರಿಯಲ್ಲಿ ಹಗಲು ದರೋಡೆ ನಡೆಯಿತು. ಹೋದದ್ದು ನನ್ನ ಸೌತೆಕಾಯಿ.

ಒಂದು ದಿನ ಹೆಚ್ಚು ಕ್ಯಾಲೊರಿ, ಮರುದಿನ ಕಡಿಮೆ: ನನ್ನ ತೂಕ ಇಳಿಸಲು ಡಾಕ್ಟರು ಹಾಕಿಕೊಟ್ಟ ಕ್ರಮ ಇದು. ಶನಿವಾರದೊಳಗೆ ತೂಕದ ಮುಳ್ಳು ಇಳಿಯದಿದ್ದರೆ ಮೊಣಕಾಲಿಗೆ ಇಂಜೆಕ್ಷನ್ ಎಂದಿದ್ದಾರೆ. ಇವತ್ತು ಕಡಿಮೆಯ ಸರದಿ. ಆದರೆ ನಮ್ಮಲ್ಲಿ ಎಲ್ಲರ ಡಬ್ಬಿಗೂ ಎಲ್ಲರ ಕೈ. ನಾನು ಕೈ ತೊಳೆದು ಬರುವಷ್ಟರಲ್ಲಿ ಸೌತೆಕಾಯಿ ಖಾಲಿ. ಮುಂದೆ ಉಳಿದದ್ದು ಪುರಿ, ಬಟಾಟೆ ಭಾಜಿ.

“ಡಯೆಟ್ ನಮಗೂ ಬೇಕಲ್ರಿ,” ಎಂದರು ಗದಗಿನ ಕುಲಕರ್ಣಿ, ಬಾಯೊರೆಸಿಕೊಳ್ಳುತ್ತ. “ನೀವು ಪುರಿ ತಿನ್ರಿ, ನಾಚಬ್ಯಾಡ್ರಿ.”

ನನ್ನ ಕೈ ಪುರಿಯತ್ತ ಹೊರಟೇಬಿಟ್ಟಿತ್ತು. ಪಕ್ಕದ ಮೇಜಿನ ಶೋಭಾತಾಯಿ ಅದನ್ನು ತಡೆದು, ಚೀಲದಿಂದ ಇನ್ನೊಂದು ಡಬ್ಬಿ ತೆಗೆದರು. ಬೇಯಿಸಿದ ಹೆಸರುಕಾಳು.

“ಭಾವೂ, ಆಜ್ ತುಮ್ಚಾ ಕಮೀ ದಿವಸ್ ನಾ?” ಅಣ್ಣಾ, ಇವತ್ತು ನಿಮ್ಮ ಕಡಿಮೆ ದಿನ ಅಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು.

ನನ್ನ ಕಡಿಮೆ ದಿನಗಳನ್ನು ಅವರು ತಮ್ಮ ಉಪವಾಸಗಳ ಜೊತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರಂತೆ.

ಕಣ್ಣು ಪೂರ್ತಿ ತುಂಬಿತು. ಹೊಟ್ಟೆ ನಿಯಮದಂತೆ ಅರ್ಧ. ಎಂಟು ವರ್ಷ ಶ್ರೀಖಂಡ ಬಡಿಸಿ ನನ್ನನ್ನು ಈ ಗಾತ್ರಕ್ಕೆ ತಂದದ್ದೂ ಶೋಭಾತಾಯಿಯ ಇದೇ ಕೈ. ಇಳಿಸುವ ಹೊಣೆಯನ್ನೂ ಅದೇ ಹೊತ್ತುಕೊಂಡಿದೆ ಎಂದರೆ, ಇದಕ್ಕಿಂತ ದೊಡ್ಡ ನ್ಯಾಯ ಕಚೇರಿಯ ಎದುರಿನ ಕೋರ್ಟಿನಲ್ಲೂ ಸಿಗಲಾರದು.